ಶುಗರ್ ಬೀಟ್ ಎಥನಾಲ್: ನೀರಿನ ಲೆಕ್ಕ, ಮಣ್ಣಿನ ಲೆಕ್ಕ (ನನ್ನ ನೋಟ್ಸ್)

ಎಥನಾಲ್ ಮಾಡಾಕ ಶುಗರ್ ಬೀಟ್ (ಸಕ್ಕರಿ ತುಂಬಿದ ಗಡ್ಡಿ ಬೆಳಿ) ಬೆಳದ್ರ ನೀರು, ಮಣ್ಣಿಗೆ ಏನಾಗ್ತೈತಿ ಅನ್ನೋ ಪ್ರಶ್ನೆಗೆ ಉತ್ತರ ಬರಿಯಾಕ ಮಾಡ್ಕೊಂಡ ನೋಟ್ಸ್ ಇವು. ಈ ಟಾಪಿಕ್ ಮ್ಯಾಲ ಏನ್ ಓದಿದ್ರೂ ಎಲ್ಲಾ ಜರ್ಮನಿ, ಫ್ರಾನ್ಸ್, ಬೆಲ್ಜಿಯಂ ಉದಾಹರಣೆನ ಸಿಗ್ತಾವು, ಅದೂ ಹೆಕ್ಟೇರ್‌ದಾಗ. ಜಮಖಂಡಿ ಮುಧೋಳ ಕಡಿ ಹುಟ್ಟಿದ ನಮಗ ಕಬ್ಬಿನ ಜೋಡಿ ಹೋಲಿಸಿ ಎಕರೆ ಲೆಕ್ಕದಾಗ ಹೇಳಿದ್ರನ ತಲಿಗಿ ಹತ್ತೂದು, ಹಂಗಾಗಿ ನಾನೂ ಹಂಗ ಬರ್ದೀನಿ. ಸಕ್ಕರಿಯಿಂದ ಎಥನಾಲ್ ಹೆಂಗ್ ಆಗ್ತೈತಿ ಅನ್ನೂದು ಎಲ್ಲಾರಿಗೂ ಗೊತ್ತಿದ್ದದ್ದ, ಅದನ್ನ ಬಿಟ್ಟೀನಿ. ಒಂದ ಮಾತು: 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯೊಳಗ ಎಥನಾಲ್ ಮಾಡಬಹುದಾದ ಬೆಳಿಗಳ ಪಟ್ಟಿದಾಗ ಶುಗರ್ ಬೀಟ್ ಹೆಸರೂ ಐತಿ, ಅದಕ್ಕ ಇದು ಬರೇ ಯುರೋಪಿನ ಪ್ರಶ್ನೆ ಅಂತ ಬಿಟ್ಟುಬಿಡಾಕ ಬರೂದಿಲ್ಲ.

ನೀರು

ಶುಗರ್ ಬೀಟ್‌ಗೆ ಒಂದು ಬೆಳಿಗೆ 550ರಿಂದ 750 ಮಿ.ಮೀ. ನೀರು ಬೇಕು, ಕಬ್ಬಿಗೆ 1500ರಿಂದ 2500. ಇದು ಎಫ್‌ಎಒ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) ಕೊಡೋ ಅಂಕಿ. ಬೀಟ್ ಐದಾರು ತಿಂಗಳಿನ ಬೆಳಿ, ಕಬ್ಬು ವರ್ಷ ಹೊಲಾ ಬಿಡೂದಿಲ್ಲ, ಫರಕ್ ಅಲ್ಲೇ ಐತಿ.

ಮಿ.ಮೀ. ಅನ್ನೂದನ್ನ ಲೀಟರ್ ಮಾಡೂದು ಸರಳ ಐತಿ: ಒಂದು ಎಕರೆ 4047 ಚದರ ಮೀಟರ್, ಅದರ ಮ್ಯಾಲ 1 ಮಿ.ಮೀ. ನೀರು ನಿಂತ್ರ 4047 ಲೀಟರ್. ಬೀಟ್‌ಗೆ 600 ಮಿ.ಮೀ. ಹಿಡಿದ್ರ ಎಕರೆಗೆ ಸುಮಾರು 24 ಲಕ್ಷ ಲೀಟರ್. ಎಕರೆಗೆ 25 ಟನ್ ಗಡ್ಡಿ, ಟನ್ನಿಗೆ 100 ಲೀಟರ್ ಎಥನಾಲ್ ಅಂತ ಹಿಡಿದ್ರ 2500 ಲೀಟರ್ ಎಥನಾಲ್, ಅಂದ್ರ ಒಂದು ಲೀಟರ್ ಎಥನಾಲಿಗೆ ಸುಮಾರು 970 ಲೀಟರ್ ನೀರು. ಕಬ್ಬಿಗೆ 2000 ಮಿ.ಮೀ., ಎಕರೆಗೆ 40 ಟನ್, ನೇರ ರಸದಿಂದ ಮಾಡಿದ್ರ ಟನ್ನಿಗೆ 70 ಲೀಟರ್ ಹಿಡೀರಿ, ಒಂದು ಲೀಟರಿಗೆ ಸುಮಾರು 2900 ಬರ್ತೈತಿ. ಮೂರು ಪಟ್ಟು ಫರಕ್.

ಆದ್ರ ಈ ಮೂರು ಪಟ್ಟು ಅನ್ನೂದನ್ನ ಹಂಗ ಬರದು ಕೈ ತೊಳ್ಕೋಬ್ಯಾಡ್ರಿ. ನಮ್ಮ ಕಡಿ ಬೀಟ್ ಹಾಕೂದು ಹಿಂಗಾರಿಗೆ, ಅಕ್ಟೋಬರ್ ನವೆಂಬರ್‌ದಾಗ ಬಿತ್ತಿ ಬ್ಯಾಸಗ್ಯಾಗ ಕೀಳೂದು. ಬಾಗಲಕೋಟಿ ವಿಜಯಪುರದಾಗ ವರ್ಷಕ್ಕ ಬೀಳೋ ಮಳಿನ 600 ಮಿ.ಮೀ. ಆಸುಪಾಸು, ಅದರಾಗ ಬಹಳಷ್ಟು ಜೂನ್‌ದಿಂದ ಅಕ್ಟೋಬರ್ ಒಳಗ ಬಿದ್ದು ಮುಗೀತೈತಿ. ಹಂಗಾಗಿ ಬೀಟ್ ಕುಡಿಯೋ ನೀರು ಹೆಚ್ಚು ಕಡಿಮಿ ಎಲ್ಲಾ ಕಾಲುವಿದು ಇಲ್ಲಾ ಬೋರಿಂದು, ಕಬ್ಬಿಗೆ ಮಳಿದೂ ಒಂದು ಪಾಲು ಸಿಗ್ತೈತಿ. ಮಳಿ ನೀರಿಗೆ ಹಸಿರು ನೀರು, ಹೊಳಿ ಬೋರಿನ ನೀರಿಗೆ ನೀಲಿ ನೀರು ಅಂತಾರಲ್ಲ, ಬರೇ ನೀಲಿ ಲೆಕ್ಕ ಹಾಕಿ ಕಬ್ಬಿಗೆ 1500, ಬೀಟ್‌ಗೆ 550 ಹಿಡಿದ್ರ ಫರಕ್ ಎರಡೂವರಿ ಪಟ್ಟಿಗಿಂತ ಸ್ವಲ್ಪ ಕೆಳಗ ಇಳೀತೈತಿ. ಆಗೂ ಬೀಟೇ ಗೆಲ್ತೈತಿ, ಖರೆ. ಬೀಟ್ ಕಿತ್ತ ಮ್ಯಾಲ ಅದ ಹೊಲಕ್ಕ ಮತ್ತೊಂದು ನೀರಾವರಿ ಬೆಳಿ ಹಾಕಿದ್ರ ಉಳಿದ ನೀರು ಅಲ್ಲೇ ಖರ್ಚಾಗ್ತೈತಿ, ಹೊಳಿಗೆ ಏನೂ ವಾಪಸ್ ಹೋಗೂದಿಲ್ಲ, ಇದನ್ನ ಯಾರೂ ಬರಿಯೂದಿಲ್ಲ.

ಸವಳು

ಘಟಪ್ರಭಾ, ಮಲಪ್ರಭಾ, ಕೃಷ್ಣಾ ದಂಡಿ ಹೊಲದವರಿಗೆ ಸವಳು (ಉಪ್ಪು ಹತ್ತಿದ ನೆಲ), ಜವಳು (ನೀರು ನಿಲ್ಲೋ ನೆಲ) ಏನಂತ ಹೇಳೂ ಕೆಲಸ ಇಲ್ಲ. ಬೀಟ್ ಮೂಲತಃ ಸಮುದ್ರ ದಂಡಿ ಗಿಡದ ವಂಶ, ಉಪ್ಪು ತಡಕೊಳ್ಳೋ ಬೆಳಿಯೊಳಗ ಮುಂದಿನ ಸಾಲಿಂದು. ಮಣ್ಣಿನ ಉಪ್ಪು ಮೀಟರಿಗೆ 7 ಡೆಸಿಸೀಮನ್ಸ್ (ಉಪ್ಪು ಅಳಿಯೋ ಮಾಪನ, ಹೆಚ್ಚಾದಷ್ಟು ಉಪ್ಪು ಹೆಚ್ಚು) ಆಗೂತನಕ ಇಳುವರಿ ಕಡಿಮಿ ಆಗೂದಿಲ್ಲ, ಕಬ್ಬಿಗೆ ಆ ಮಿತಿ ಬರೇ 1.7. ಆದ್ರ ಮೊಳಕಿ ಒಡಿಯೋ ಹೊತ್ತಿನ್ಯಾಗ ಬೀಟ್‌ನೂ ನಾಜೂಕ, ಆಗ 3ರ ಮ್ಯಾಲ ಇರಬಾರ್ದು.

ಬೀಟ್ ಹಾಕಿದ್ರ ಸವಳು ಹೋಗ್ತೈತಿ ಅಂತ ಕೆಲವರು ಹೇಳ್ತಾರ, ನನಗ ಅದು ಒಪ್ಪಿಗಿಲ್ಲ. ಲೀಟರ್ ನೀರಿನ್ಯಾಗ ಅರ್ಧ ಗ್ರಾಂ ಉಪ್ಪು ಐತಿ ಅಂತ ಇಟ್ಕೊಳ್ರಿ, 24 ಲಕ್ಷ ಲೀಟರ್ ಬಿಟ್ರ ಒಂದು ಬೆಳಿಗೆ ಎಕರೆದಾಗ 1.2 ಟನ್ ಉಪ್ಪು ನಾವ ಕೈಯಾರೆ ಸುರಿದಂಗ. ಗಿಡ ಹೀರೋ ಸೋಡಿಯಂ ಬಹಳಷ್ಟು ತಪ್ಪಲದಾಗ ಕೂಡ್ತೈತಿ, ತಪ್ಪಲ ಹೊಲದಾಗ ಬಿಟ್ರ ಅದೂ ಅಲ್ಲೇ ಉಳೀತೈತಿ. ಬಸಿಗಾಲುವಿ ಇಲ್ದ ಸವಳು ಹೋಗೂದಿಲ್ಲ. ಬೀಟ್‌ನ ಖರೆ ಲಾಭ ಬ್ಯಾರೆ ಕಡಿ ಐತಿ: ಅದ ನೀರಿನ್ಯಾಗ ಕಬ್ಬಿಗೆ 1500 ಮಿ.ಮೀ. ಬಿಟ್ರ 3 ಟನ್ ಉಪ್ಪು ಬರ್ತೈತಿ, ಅಂದ್ರ ನೀರು ಕಡಿಮಿ ಬಿಟ್ಟಷ್ಟು ಉಪ್ಪೂ ಕಡಿಮಿ.

ಗಡ್ಡಿ ಜೋಡಿ ಹೋಗೋ ಮಣ್ಣು (ಇದನ್ನ ನಿಧಾನ ಓದ್ರಿ)

ಕಬ್ಬು ನೆಲದ ಮ್ಯಾಲ ಕಡಿತೀವಿ, ಮಣ್ಣು ಹೊಲದಾಗ ಇರ್ತೈತಿ. ಬೀಟ್ ಕೀಳ್ಬೇಕು. ಗಡ್ಡಿ ಮೈಗೆ ಎರಡೂ ಕಡಿ ಉದ್ದಕ ಗೆರಿ ಇರ್ತಾವು, ಅದರಾಗ ಸಣ್ಣ ಬೇರು, ಬೇರಿಗೆ ಮಣ್ಣು ಅಂಟ್ಕೊಂಡು ಟ್ರ್ಯಾಕ್ಟರ್ ಹತ್ತಿ ಫ್ಯಾಕ್ಟರಿಗೆ ಹೋಗ್ತೈತಿ. ಇದಕ್ಕ ಸಾಯಿಲ್ ಟೇರ್ ಅಂತಾರ. ಮಳಿ ಗಾಳಿಗೆ ಕೊಚ್ಚಿ ಹೋಗೋ ಮಣ್ಣಿನ ಲೆಕ್ಕದಾಗ ಇದು ಬರೂದಿಲ್ಲ, ಅದಕ್ಕ ಬಹಳ ಪುಸ್ತಕದಾಗ ಇದರ ಸುದ್ದಿನ ಇರೂದಿಲ್ಲ.

ಈಗ ತಲಿ ತಿಂದ ಸ್ಟೆಪ್. ಟೇರ್ 10 ಪರ್ಸೆಂಟ್, ಸ್ವಚ್ಛ ಗಡ್ಡಿ 25 ಟನ್ ಅಂತ ಕೊಟ್ಟಿರ್ತಾರ, ಮಣ್ಣು ಎಷ್ಟು? 25ರ 10 ಪರ್ಸೆಂಟ್ ಎರಡೂವರಿ ಟನ್ ಅನ್ಸ್ತೈತಿ, ಹಂಗಲ್ಲ. ಟೇರ್ ಹಿಡಿಯೂದು ಕಾಟಾದ ಮ್ಯಾಲ ಬಂದ ಒಟ್ಟು ತೂಕದ ಮ್ಯಾಲ, ಅಂದ್ರ ಗಡ್ಡಿ ಮಣ್ಣು ಎರಡೂ ಕೂಡಿ 100, ಅದರಾಗ ಮಣ್ಣು 10, ಗಡ್ಡಿ 90. ಈ 90 ಭಾಗನ ನಮ್ಮ 25 ಟನ್. ಹಂಗಾಗಿ ಒಟ್ಟು ತೂಕ 25ನ್ನ 0.9ರಿಂದ ಭಾಗಿಸ್ಬೇಕು, 27.8 ಟನ್ ಬರ್ತೈತಿ, ಅದರಾಗ 25 ಕಳೆದ್ರ ಮಣ್ಣು 2.8 ಟನ್. ಗುಣಿಸೂದಲ್ಲ, ಭಾಗಿಸೂದು. 10 ಪರ್ಸೆಂಟ್‌ಗೆ ಫರಕ್ ಸಣ್ಣದು ಕಾಣ್ತೈತಿ, ಟೇರ್ 30 ಪರ್ಸೆಂಟ್ ಇದ್ರ ನೋಡ್ರಿ: ಗುಣಿಸಿದ್ರ 7.5 ಟನ್, ಸರಿಯಾಗಿ 0.7ರಿಂದ ಭಾಗಿಸಿ ಕಳೆದ್ರ 10.7 ಟನ್. ಮೂರು ಟನ್ ಮಣ್ಣು ಬರೇ ಲೆಕ್ಕದಾಗ ಮಾಯ ಆಗ್ತೈತಿ.

ಇನ್ನೂ ಮುಗಿದಿಲ್ಲ, ಆ 2.8 ಟನ್ ಹಸಿ ಮಣ್ಣು. ತೂಕದಾಗ ಐದನೇ ಒಂದು ಪಾಲು ನೀರು ತೆಗೆದ್ರ ಒಣ ಮಣ್ಣು 2.2 ಟನ್. ಎಕರೆ ಮ್ಯಾಲಿನ 1 ಮಿ.ಮೀ. ಮಣ್ಣು (ಘನ ಮೀಟರಿಗೆ 1.3 ಟನ್ ಹಿಡಿದು) 5.3 ಟನ್ ತೂಗ್ತೈತಿ, ಅಂದ್ರ ಒಂದು ಸಲ ಕಿತ್ರ 0.4 ಮಿ.ಮೀ. ಹೋತು. ಇಷ್ಟಕ್ಕ ಯಾಕ ತಲಿ ಕೆಡಿಸ್ಕೋಬೇಕು ಅಂದ್ರ, ಹೊಸ ಮಣ್ಣು ಹುಟ್ಟೂದು ವರ್ಷಕ್ಕ ಹೆಕ್ಟೇರಿಗೆ ಸುಮಾರು ಒಂದು ಟನ್ ಅಷ್ಟ. ಮೂರು ವರ್ಷಕ್ಕೊಮ್ಮೆ ಬೀಟ್ ಹಾಕಿದ್ರೂ ಸರಾಸರಿ ಹೆಕ್ಟೇರಿಗೆ ವರ್ಷಕ್ಕ 1.8 ಟನ್ (ಎಕರೆಗೆ 2.2 ಅಂದ್ರ ಹೆಕ್ಟೇರಿಗೆ 5.5 ಟನ್, ಅದನ್ನ ಮೂರರಿಂದ ಭಾಗಿಸಿದ್ದು) ಗಡ್ಡಿ ಜೋಡಿನ ಹೋಗ್ತೈತಿ, ಮಳಿಗೆ ಹೋಗೂದು ಬ್ಯಾರೆ. ಹೋಗೂದೂ ರಂಜಕ ತುಂಬಿದ ಮ್ಯಾಲಿನ ಮಣ್ಣ.

ನಮ್ಮ ಎರಿ (ಕಪ್ಪು ಜೇಡಿ ಮಣ್ಣಿನ) ಹೊಲಕ್ಕ ಇದು ಇನ್ನೂ ಕೆಟ್ಟದು ಅಂತ ನನ್ನ ಅನಿಸಿಕಿ. ಟೇರ್ ಹೆಚ್ಚು ಕಡಿಮಿ ಆಗೂದು ಜೇಡಿ ಎಷ್ಟೈತಿ, ಹಸಿ ಎಷ್ಟೈತಿ ಅನ್ನೂದರ ಮ್ಯಾಲ. ಯುರೋಪಿನವರು ಚಳಿಗಾಲದ ಮುಂದ ಹಸಿ ನೆಲದಾಗ ಕೀಳ್ತಾರ, ಅದಕ್ಕ ಅಲ್ಲಿ ಜಾಸ್ತಿ. ನಮ್ಮಲ್ಲಿ ಬ್ಯಾಸಗ್ಯಾಗ ಕೀಳ್ತೀವಿ, ನೆಲ ಒಣಗಿರ್ತೈತಿ ಅಂತ ಬರದ್ರ ಅರ್ಧ ಉತ್ತರ: ಏಪ್ರಿಲ್‌ದಾಗ ಎರಿ ನೆಲ ಬಿರಕ ಬಿಟ್ಟು ಕಲ್ಲಾಗಿರ್ತೈತಿ, ಕಿತ್ರ ಗಡ್ಡಿ ತುಂಡ ಆಗ್ತಾವು, ಹಂಗಾಗಿ ಕೀಳೂ ಮುಂಚೆ ಒಂದು ನೀರು ಕೊಡ್ಬೇಕು, ಕೊಟ್ರ ಅದ ಅಂಟು ಮಣ್ಣು. ಮಸಾರಿ (ಕೆಂಪು ಮಣ್ಣಿನ) ಹೊಲದಾಗ ಈ ತ್ರಾಸ ಕಡಿಮಿ.

ಫ್ಯಾಕ್ಟರಿ ಮಣ್ಣು ವಾಪಸ್ ತಂದು ಹೊಲಕ್ಕ ಹಾಕಿದ್ರ ಆಗೂದಿಲ್ಲೇನು? ಹತ್ತಾರು ಊರಿನ ಮಣ್ಣು ಕೂಡಿರ್ತೈತಿ, ಬೀಟ್ ಬೇರಿಗೆ ಹತ್ತೋ ಜಂತುಹುಳ (ನೆಮಟೋಡ್), ರೈಜೋಮೇನಿಯಾ ರೋಗದ ವೈರಸ್ ಹರಡೋ ಜೀವಿ, ಎಲ್ಲಾ ಮಣ್ಣಿನ್ಯಾಗ ಬದುಕ್ತಾವು. ರೋಗ ಇಲ್ಲದ ಹೊಲಕ್ಕೂ ತಂದು ಹಾಕಿದಂಗ ಆಗ್ತೈತಿ. ಗಡ್ಡಿನ ಕಿತ್ತು ತಗೊಳ್ಳೂದಕ್ಕ ಬೀಟ್‌ಗೆ ಕಬ್ಬಿನಂಗ ಕುಳೆ ಬಿಡೂ ಮಾತಿಲ್ಲ, ಈ ರೋಗದ ಕಾರಣಕ್ಕ ಅದ ಹೊಲಕ್ಕ ಮೂರ್ನಾಲ್ಕು ವರ್ಷಕ್ಕೊಮ್ಮೆ ಮಾತ್ರ ಹಾಕ್ಬೇಕು.

ಗೊಬ್ಬರ, ಔಷಧಿ (ಲಗೂನ)

ಬೀಟ್ ಬೇರು ಒಂದೂವರಿ ಮೀಟರ್ ಆಳಕ್ಕ ಹೋಗ್ತೈತಿ, ಹಿಂದಿನ ಬೆಳಿ ಬಿಟ್ಟ ನೈಟ್ರೇಟ್ ಹೀರಿ ತಗೋತೈತಿ, ಇದು ಒಳ್ಳೇದು. ಯೂರಿಯಾ ಜಾಸ್ತಿ ಸುರಿದ್ರ ಗಡ್ಡ್ಯಾಗ ಸಕ್ಕರಿ ಕಡಿಮಿ ಆಗ್ತೈತಿ, ಹಂಗಾಗಿ ರೈತರೂ ಕೈ ಹಿಡಿತಾರ. ಆದ್ರ ಹೊಲದಾಗ ಬಿಟ್ಟ ತಪ್ಪಲ ಲಗೂ ಕೊಳೀತೈತಿ, ಅದರ ನೈಟ್ರೇಟ್ ಹೀರಾಕ ಮುಂದಿನ ಬೆಳಿ ನಿಂತಿರ್ಲಿಲ್ಲ ಅಂದ್ರ ಮೊದಲ ಮಳಿಗೆ ಬಾವಿ ನೀರಿಗೆ ಇಳೀತೈತಿ.

ಮೊದಲೆರಡು ತಿಂಗಳು ಸಾಲಿನ ನಡುವ ನೆಲ ಬೋಳು, ಕಸ ಜೋರು, ಹಂಗಾಗಿ ಕಳೆನಾಶಕ ಹೆಚ್ಚು. ಜರ್ಮನಿಯೊಳಗ ಬೀಟ್‌ಗೆ ಹೊಡೀತಿದ್ದ ಕ್ಲೋರಿಡಾಜಾನ್ ಒಡೆದು ಆಗೋ ಪದಾರ್ಥ ಅಂತರ್ಜಲದಾಗ ಸಿಕ್ಕೈತಿ. ಬೀಜಕ್ಕ ಲೇಪಿಸೋ ನಿಯೋನಿಕೋಟಿನಾಯ್ಡ್ ಕೀಟನಾಶಕ ಮೂರನ್ನ 2018ರಾಗ ಯುರೋಪಿಯನ್ ಒಕ್ಕೂಟ ಬಯಲ ಹೊಲಕ್ಕ ನಿಷೇಧ ಮಾಡಿತು, ಬೀಟ್‌ಗೆ ಮಾತ್ರ ಹಲವು ದೇಶ ತುರ್ತು ವಿನಾಯಿತಿ ಕೊಡ್ತಾ ಬಂದ್ವು, 2023ರ ಜನವರಿಯೊಳಗ ಅಲ್ಲಿನ ನ್ಯಾಯಾಲಯ ಅದನ್ನೂ ನಿಲ್ಲಿಸ್ತು.

ಸ್ಪೆಂಟ್ ವಾಶ್

ಎಥನಾಲ್ ಬಟ್ಟಿ ಇಳಿಸಿದ ಮ್ಯಾಲ ಉಳಿಯೋ ಹೊಲಸು ನೀರಿಗೆ ಸ್ಪೆಂಟ್ ವಾಶ್ ಅಂತಾರ. ಒಂದು ಲೀಟರ್ ಎಥನಾಲಿಗೆ ಸುಮಾರು 10 ಲೀಟರ್ ಸ್ಪೆಂಟ್ ವಾಶ್ ಹಿಡಿದ್ರ ಎಕರೆ ಬೀಟಿಗೆ 25 ಸಾವಿರ ಲೀಟರ್, ಹಳ್ಳಕ್ಕ ಬಿಟ್ರ ನೀರಿನ ಆಕ್ಸಿಜನ್ ತಿಂದು ಮೀನ ಸಾಯ್ತಾವು. ಇನ್ನೊಂದು ಫರಕ್, ಕಬ್ಬಿನ ಸಿಪ್ಪಿ ಉರಿಸಿ ಮಿಲ್ಲು ಓಡ್ತೈತಿ, ಬೀಟ್‌ಗೆ ಹಂಗ ಉರಿಸಾಕ ಏನೂ ಇಲ್ಲ, ಉಳಿದ ತಿರುಳು ದನದ ಮೇವಿಗೆ ಇಲ್ಲಾ ಬಯೋಗ್ಯಾಸಿಗೆ, ಹಂಗಾಗಿ ಸ್ಪೆಂಟ್ ವಾಶ್ ಕುದಿಸಿ ಗಟ್ಟಿ ಮಾಡಾಕೂ ಹೊರಗಿನ ಇಂಧನ ಬೇಕು. ಗಟ್ಟಿ ಮಾಡಿದ್ದನ್ನ ಯುರೋಪಿನ್ಯಾಗ ಪೊಟ್ಯಾಶ್ ಗೊಬ್ಬರ ಅಂತ ಹೊಲಕ್ಕ ಹಾಕ್ತಾರ. ಪೊಟ್ಯಾಶ್ ಜೋಡಿ ಉಳಿದ ಉಪ್ಪೂ ಬರ್ತಾವು, ಬಸಿಗಾಲುವಿ ಇಲ್ಲದ ಸವಳು ಹೊಲಕ್ಕ ಇದನ್ನ ಹಾಕೂದು ಬ್ಯಾಡ, ಮಸಾರಿಗೆ ಮಣ್ಣು ಪರೀಕ್ಷಿ ಮಾಡಿಸಿ ಹಾಕಬಹುದು.