ನಡುವೆ ನಿಂತು ಕೆಲಸ ಮಾಡಿದರೆ ಓಡಿದ್ದು ವ್ಯರ್ಥವಾಗುತ್ತದಾ?

ಪ್ರಶ್ನೆ: ಮಡಿಕೇರಿಯಲ್ಲಿ ನಾವು ಏಳೆಂಟು ಜನ ವಾರಕ್ಕೆ ಮೂರು ದಿನ ಬೆಳಗ್ಗೆ ಓಡುತ್ತೇವೆ. ಭಾನುವಾರದ ಓಟದ ಜೊತೆಗೆ ಊರಿಗೆ ಏನಾದರೂ ಕೆಲಸ ಮಾಡೋಣ ಅಂದುಕೊಂಡಿದ್ದೇವೆ. ಆದರೆ ನಡುವೆ ನಿಂತು ಕಸ ಹೆಕ್ಕಿದರೆ, ಗುದ್ದಲಿ ಹಿಡಿದರೆ ಓಡಿದ್ದೆಲ್ಲ ವ್ಯರ್ಥ ಅಂತ ಗುಂಪಿನಲ್ಲೇ ಒಬ್ಬರು ಹೇಳುತ್ತಾರೆ. ಹೌದಾ?

ಇಲ್ಲ, ಖಂಡಿತ ವ್ಯರ್ಥವಾಗುವುದಿಲ್ಲ. ಅವರು ಹೇಳುವ ಮಾತಿಗೆ ಹಿಂದೆ ಒಂದು ಆಧಾರವೂ ಇತ್ತು. ಒಂದೇ ಸಮನೆ ಕನಿಷ್ಠ 10 ನಿಮಿಷ ಮಾಡಿದ ವ್ಯಾಯಾಮ ಮಾತ್ರ ಲೆಕ್ಕಕ್ಕೆ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹೇಳಿತ್ತು. 2020ರ ಹೊಸ ಮಾರ್ಗಸೂಚಿಯಲ್ಲಿ ಆ ಷರತ್ತನ್ನೇ ತೆಗೆದುಹಾಕಿತು. ಈಗ ದೊಡ್ಡವರಿಗೆ ಅದು ಹೇಳುವುದು ಇಷ್ಟು: ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮ, ಇಲ್ಲವೇ 75ರಿಂದ 150 ನಿಮಿಷ ಜೋರಾದ ಶ್ರಮ. ಇದರ ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸ. ಓಡುವವರು ಸಾಮಾನ್ಯವಾಗಿ ತಪ್ಪಿಸುವುದು ಈ ಕೊನೆಯದನ್ನೇ, ಅಲ್ವಾ? ಶಾಲೆಯ ಅಂಗಳಕ್ಕೆ ಅರ್ಧ ಗಂಟೆ ಮಣ್ಣು ಹೊತ್ತು ನೋಡಿ, ಸೊಂಟ, ತೊಡೆ, ಭುಜ ಎಲ್ಲಕ್ಕೂ ಕೆಲಸ ಸಿಗುತ್ತದೆ.

ಒಂದು ಮಾತು ಮಾತ್ರ ಒಪ್ಪುತ್ತೇನೆ. ಅವರು ಮ್ಯಾರಥಾನ್‌ಗೆ ತಯಾರಾಗುತ್ತಿದ್ದರೆ ನಿಲ್ಲದೆ ಓಡುವ ದೂರದ ಓಟ ಬೇಕೇ ಬೇಕು. ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಲಿ.

ಎರಡು ಮೂರು ಕಿಲೋಮೀಟರ್ ಓಡಿ ಜಾಗ ತಲುಪಿ, ಮೂವತ್ತು ನಲವತ್ತು ನಿಮಿಷ ಕೆಲಸ ಮಾಡಿ, ಮತ್ತೆ ಓಡಿ ವಾಪಸ್ ಬನ್ನಿ. ನಮ್ಮಲ್ಲಿ ಸಮತಟ್ಟಾದ ರಸ್ತೆ ಕಡಿಮೆ, ಮಂಜು ಜಾಸ್ತಿ, ಬೆವರಿದ ಮೈಯಲ್ಲಿ ನಿಂತು ಕೆಲಸ ಮಾಡುವಾಗ ಐದೇ ನಿಮಿಷಕ್ಕೆ ಮೈ ತಣ್ಣಗಾಗಿ ಕಾಲು ಬಿಗಿಯುತ್ತದೆ. ಒಣಗಿದ ಒಂದು ಶರ್ಟು ಜೊತೆಗಿರಲಿ. ಹೊರಡುವಾಗ ಐದು ನಿಮಿಷ ನಡೆದು ಆಮೇಲೆ ಓಡಿ.

ಹೀಗೆ ಓಡುವ ಗುಂಪುಗಳು ಬೇರೆ ಕಡೆ ಆಗಲೇ ಇವೆ. ಓಡುತ್ತಾ ಕಸ ಹೆಕ್ಕುವ ಪ್ಲಾಗಿಂಗ್ ಸುಮಾರು 2016ರಲ್ಲಿ ಸ್ವೀಡನ್ನಿನಲ್ಲಿ ಶುರುವಾಯಿತು. ನನಗೆ ತುಂಬಾ ಹಿಡಿಸಿದ್ದು ಲಂಡನ್ನಿನಲ್ಲಿ 2009ರಲ್ಲಿ ಹುಟ್ಟಿದ ಗುಡ್‌ಜಿಮ್. ಅವರು ಗುಂಪಾಗಿ ಓಡಿಹೋಗಿ ಊರಿನ ಕೆಲಸ ಮಾಡುತ್ತಾರೆ, ಅದರ ಜೊತೆಗೆ ಒಂಟಿಯಾಗಿರುವ ಹಿರಿಯರ ಮನೆಗೆ ಓಡಿಹೋಗಿ ಸ್ವಲ್ಪ ಹೊತ್ತು ಮಾತಾಡಿ ಬರುತ್ತಾರೆ. ಆ ಹಿರಿಯರನ್ನು ಅವರು ಕರೆಯುವುದು 'ಕೋಚ್' ಅಂತ. ಯಾಕೆಂದರೆ ಅವರು ಕಾಯುತ್ತಿರುತ್ತಾರೆ ಅನ್ನುವ ಕಾರಣಕ್ಕೇ ಓಡುವವನು ಹಾಸಿಗೆ ಬಿಟ್ಟು ಏಳುತ್ತಾನೆ.

ಕೊಡಗಿಗೆ ಇದಕ್ಕಿಂತ ಹೊಂದುವ ಕೆಲಸ ನನಗೆ ತೋಚುವುದಿಲ್ಲ. ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದು, ತೋಟದ ಮನೆಯಲ್ಲಿ ಅಜ್ಜ ಅಜ್ಜಿ ಇಬ್ಬರೇ ಅಥವಾ ಒಬ್ಬರೇ ಇರುವುದನ್ನು ನಾವೆಲ್ಲ ನೋಡಿದ್ದೇವೆ. ಜುಲೈ ತಿಂಗಳ ಮಳೆಯಲ್ಲಿ ಕರೆಂಟು ಹೋಗಿ, ಫೋನೂ ಸತ್ತು, ಮೂರು ದಿನ ಯಾರ ಮುಖವನ್ನೂ ನೋಡದೆ ಕೂತಿರುತ್ತಾರೆ. ನಮ್ಮ ಗುಂಪಿನವರು ಹೀಗೆ ಒಬ್ಬ ಅಜ್ಜಿಯ ಮನೆಗೆ ವಾರಕ್ಕೊಮ್ಮೆ ಹೋಗುತ್ತೇವೆ. ಮಾತ್ರೆ ತಂದುಕೊಡುವುದು, ಸೌದೆ ಒಳಗಿಡುವುದು, ಅಷ್ಟೇ ಕೆಲಸ. ಬೆಲ್ಲದ ಕಾಫಿ ಕುಡಿಯದೆ ಹೊರಡಲು ಅಜ್ಜಿ ಬಿಡುವುದಿಲ್ಲ. ಸುಮ್ನೆ ನನ್ನ ಆರೋಗ್ಯಕ್ಕೆ ಅಂತಿದ್ದರೆ ಆ ಮಳೆಯಲ್ಲಿ ನಾನು ಹೊರಗೆ ಕಾಲಿಡುತ್ತಿರಲಿಲ್ಲ. ಆದರೆ ಮೊದಲು ಅವರನ್ನೂ ಮನೆಯವರನ್ನೂ ಕೇಳಿ ಒಪ್ಪಿಗೆ ಪಡೆಯಿರಿ. ಇಬ್ಬಿಬ್ಬರಾಗಿ ಹೋಗಿ, ಪ್ರತಿ ವಾರ ಹೊಸ ಮುಖ ಬೇಡ.

ಕಸ ಹೆಕ್ಕುವುದಾದರೆ ದಪ್ಪ ಗ್ಲೌಸ್ ಹಾಕಿ, ವ್ಯೂ ಪಾಯಿಂಟ್‌ಗಳ ಹತ್ತಿರ ಒಡೆದ ಬಾಟಲಿ ಇರುತ್ತವೆ. ಬೆನ್ನು ಬಗ್ಗಿಸದೆ ಮಂಡಿ ಮಡಚಿ ಕೂತು ಹೆಕ್ಕಿ. ತುಂಬಿದ ಚೀಲ ಎಲ್ಲಿಗೆ ಹೋಗುತ್ತದೆ ಅಂತ ನಗರಸಭೆಯವರ ಹತ್ತಿರ ಮೊದಲೇ ಮಾತಾಡಿ, ಇಲ್ಲದಿದ್ದರೆ ಅದು ರಸ್ತೆ ಬದಿಯಲ್ಲೇ ಉಳಿದು ನಾಯಿಗಳು ಎಳೆದುಹಾಕುತ್ತವೆ. ಮೇ ತಿಂಗಳಲ್ಲಿ ಚರಂಡಿಯ ಎಲೆ, ಪ್ಲಾಸ್ಟಿಕ್ ತೆಗೆಯುವುದು ತುಂಬಾ ಉಪಯೋಗದ ಕೆಲಸ. ಮಳೆ ಹಿಡಿದ ಮೇಲೆ ಮಾತ್ರ ಬರೆಯ, ಅಂದರೆ ಕಡಿದಾದ ಮಣ್ಣಿನ ದಿಬ್ಬದ, ಬುಡದಲ್ಲಿ ಅಗೆಯಲೇಬೇಡಿ. 2018ರ ಆಗಸ್ಟ್‌ನ ಭೂಕುಸಿತ ನಮಗೆ ಮರೆತಿಲ್ಲ. ಜಿಗಣೆಗೆ ಉದ್ದ ಕಾಲುಚೀಲ, ಜೇಬಿನಲ್ಲಿ ಸ್ವಲ್ಪ ಉಪ್ಪು. ಸಿದ್ದಾಪುರ, ತಿತಿಮತಿ ಕಡೆಯ ಗೆಳೆಯರು ಪೂರ್ತಿ ಬೆಳಕಾಗುವ ತನಕ ಓಡುವುದೇ ಬೇಡ, ಆನೆ ತೋಟದಿಂದ ರಸ್ತೆಗೆ ಇಳಿಯುವ ಹೊತ್ತು ಅದು.

ಮೊದಲ ಭಾನುವಾರಕ್ಕೆ ಹತ್ತಿರದ ಒಂದೇ ಜಾಗ ಆರಿಸಿ. ಗುದ್ದಲಿ, ಬಕೆಟ್ ಹಿಂದಿನ ಸಂಜೆಯೇ ಅಲ್ಲಿಗೆ ತಲುಪಿಸಿಬಿಡಿ, ಹೊತ್ತು ಓಡಲು ಆಗುವುದಿಲ್ಲ. ಆ ನಿಮ್ಮ ಗೆಳೆಯರಿಗೆ ಇನ್ನೂ ಓಟ ಸಾಲದು ಅನಿಸಿದರೆ ಅವರು ಅರ್ಧ ಗಂಟೆ ಮೊದಲೇ ಹೊರಟು ರಾಜಾಸೀಟ್ ಕಡೆಗೆ ಒಂದು ಸುತ್ತು ಜಾಸ್ತಿ ಓಡಿ ಬರಲಿ. ಕೆಲಸ ಶುರುವಾಗುವ ಹೊತ್ತಿಗೆ ಬಂದು ಸೇರಿಕೊಂಡರೆ ಆಯಿತು.