ಪದ ಪರಿಚಯ: ಗ್ಯಾಸ್ಟ್ರಿಕ್

‘ಗ್ಯಾಸ್ಟ್ರಿಕ್‌ನಿಂದ ಹೃದಯಾಘಾತ ಸಂಭವಿಸಿ ಮೃತಪಟ್ಟರು’ ಎಂಬ ಒಕ್ಕಣೆಯ ಸುದ್ದಿ ಮತ್ತೊಮ್ಮೆ ಕಣ್ಣಿಗೆ ಬಿದ್ದಿದೆ. ಹೊಟ್ಟೆಯ ಗಾಳಿ ಎದೆಗೇರಿ ಹೃದಯವನ್ನು ಅದುಮಿ ನಿಲ್ಲಿಸಿತು ಎಂಬ ಕಲ್ಪನೆ ಆ ಸಾಲಿನ ಹಿಂದಿದೆ. ಹಾಗೆ ಆಗುವುದಿಲ್ಲ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪುಗಟ್ಟಿ ಹರಿವು ನಿಂತಾಗ ಹೃದಯಾಘಾತವಾಗುತ್ತದೆ. ಅದರ ನೋವನ್ನು ಮನೆಯವರು, ಕೆಲವೊಮ್ಮೆ ವೈದ್ಯರೂ, ಗ್ಯಾಸ್ಟ್ರಿಕ್ ಎಂದು ತಿಳಿದಿರುತ್ತಾರೆ. ತಪ್ಪು ತಿಳಿವಳಿಕೆಯನ್ನೇ ಸಾವಿನ ಕಾರಣವೆಂದು ಅಚ್ಚು ಹಾಕುವುದು ಎಲ್ಲಿಯ ನ್ಯಾಯ?

ಗ್ಯಾಸ್ಟ್ರಿಕ್ ಎಂಬ ಪದಕ್ಕೂ ಗ್ಯಾಸ್ ಎಂಬ ಪದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಗ್ರೀಕ್ ಭಾಷೆಯಲ್ಲಿ ‘ಗ್ಯಾಸ್ಟರ್’ ಎಂದರೆ ಹೊಟ್ಟೆ. ಅದರಿಂದ ಹುಟ್ಟಿದ ‘ಗ್ಯಾಸ್ಟ್ರಿಕ್’ ಇಂಗ್ಲಿಷಿನಲ್ಲಿ ಬರಿಯ ವಿಶೇಷಣ. ಗ್ಯಾಸ್ಟ್ರಿಕ್ ಜ್ಯೂಸ್ ಎಂದರೆ ಜಠರರಸ, ಗ್ಯಾಸ್ಟ್ರಿಕ್ ಅಲ್ಸರ್ ಎಂದರೆ ಜಠರದ ಹುಣ್ಣು. ಹಾಗಾಗಿ ‘ನನಗೆ ಗ್ಯಾಸ್ಟ್ರಿಕ್ ಇದೆ’ ಎಂಬುದನ್ನು ಕನ್ನಡಕ್ಕೆ ತಂದರೆ ‘ನನಗೆ ಜಠರದ ಇದೆ’ ಎಂದಾಗುತ್ತದೆ, ಜಠರದ ಏನು ಎಂಬುದು ಹೊರಗೇ ಉಳಿಯುತ್ತದೆ. ಇತ್ತ ‘ಗ್ಯಾಸ್’ ಒಬ್ಬ ವ್ಯಕ್ತಿ ಕೂತು ಕಟ್ಟಿದ ಪದ. ಫ್ಲೆಮಿಶ್ ವೈದ್ಯನೂ ರಸಾಯನಜ್ಞನೂ ಆಗಿದ್ದ ಯಾನ್ ಬ್ಯಾಪ್ಟಿಸ್ಟ್ ಫಾನ್ ಹೆಲ್ಮಾಂಟ್ (1580–1644) ಉರಿಯುವ ಇದ್ದಿಲಿನಿಂದಲೂ ಹುಳಿಯುವ ದ್ರಾಕ್ಷಾರಸದಿಂದಲೂ ಹೊಮ್ಮುವ, ಕಣ್ಣಿಗೆ ಕಾಣದ ವಸ್ತುವಿಗೆ ಹೆಸರು ಹುಡುಕುತ್ತ, ಆಕಾರವಿಲ್ಲದ ಆದಿಸ್ಥಿತಿಯನ್ನು ಸೂಚಿಸುವ ಗ್ರೀಕಿನ ‘ಖಾವೊಸ್’ ಎಂಬುದನ್ನು ತನ್ನ ನಾಲಿಗೆಗೆ ಒಗ್ಗಿಸಿಕೊಂಡು ‘ಗ್ಯಾಸ್’ ಎಂದ. ಅವನ ಬರಹಗಳನ್ನು ಮಗ 1648ರಲ್ಲಿ ಪ್ರಕಟಿಸಿದ ಮೇಲೆ ಪದ ಹರಡಿತು. ಎರಡು ಬೇರೆ ಬೇರಿನ ಪದಗಳು ಮೊದಲಕ್ಷರ ಹೊಂದಿದ್ದಕ್ಕೇ ಕನ್ನಡದಲ್ಲಿ ಒಂದಾಗಿವೆ.

ಈ ಕೂಡಿಕೆ ನಮ್ಮಲ್ಲಿ ಇಷ್ಟು ಸಲೀಸಾಗಿ ನಡೆದದ್ದಕ್ಕೆ ಅಕ್ಷರಸಾಮ್ಯವೊಂದೇ ಕಾರಣವಿರಲಾರದು. ಮೈಯಲ್ಲಿ ಸಂಚರಿಸುವ, ಸೊಂಟದಲ್ಲಿ ಹಿಡಿದುಕೊಳ್ಳುವ, ತಲೆಗೇರುವ ವಾಯುವಿನ ಕಲ್ಪನೆ ನಮಗೆ ಹಳೆಯದು. ಆ ವಾಯುವೇ ಹೆಸರು ಬದಲಿಸಿಕೊಂಡು ‘ಗ್ಯಾಸ್’ ಆಗಿ ಬಂದಿದೆ ಎಂದು ನನ್ನ ಊಹೆ. ಇಲ್ಲವಾದರೆ ‘ಬೆನ್ನಿಗೆ ಗ್ಯಾಸ್ ಹಿಡಿದಿದೆ’, ‘ಗ್ಯಾಸ್ಟ್ರಿಕ್ ತಲೆಗೆ ಹೊಡೆದಿದೆ’ ಎಂಬ ಮಾತುಗಳಿಗೆ ಅರ್ಥವೇ ಇರುತ್ತಿರಲಿಲ್ಲ. ಜಠರದಿಂದ ಬೆನ್ನಿಗೋ ತಲೆಗೋ ಗಾಳಿ ಹೋಗುವ ದಾರಿ ದೇಹದಲ್ಲಿಲ್ಲ.

ಇನ್ನು ಕಾಯಿಲೆಯ ಮಾತು. ಹೊರರೋಗಿ ವಿಭಾಗದಲ್ಲಿ ‘ಗ್ಯಾಸ್ಟ್ರಿಕ್ ಜಾಸ್ತಿಯಾಗಿದೆ ಡಾಕ್ಟ್ರೇ, ಒಂದು ಇಂಜೆಕ್ಷನ್ ಹಾಕಿಬಿಡಿ’ ಎಂದವರಿಗೆ ಇರುವುದು ಎದೆಯುರಿಯೋ, ಹುಳಿತೇಗೋ, ಹೊಟ್ಟೆಯುಬ್ಬರವೋ, ಊಟ ತಡವಾದಾಗ ಮೇಲ್ಹೊಟ್ಟೆಯಲ್ಲಿ ಏಳುವ ಸಂಕಟವೋ, ಪಿತ್ತಕೋಶದ ಕಲ್ಲೋ ಆ ಒಂದು ಪದದಿಂದ ತಿಳಿಯುವುದಿಲ್ಲ. ಜಠರದ ಆಮ್ಲ ಅನ್ನನಾಳಕ್ಕೆ ಮರಳಿ ಏರಿದರೆ ಎದೆಯುರಿ. ಉಬ್ಬರದ ಗಾಳಿಯ ಬಹುಪಾಲು ಹುಟ್ಟುವುದು ದೊಡ್ಡ ಕರುಳಿನಲ್ಲಿ, ಜೀರ್ಣವಾಗದೆ ಉಳಿದ ಸಕ್ಕರೆಗಳನ್ನು ಬ್ಯಾಕ್ಟೀರಿಯಾಗಳು ಹುಳಿಯಿಸಿದಾಗ. ಅವರೆಕಾಳಿನ ಕಾಲದಲ್ಲಿ ಹಿತಕಿದಬೇಳೆ ಸಾರು ಎರಡು ಹೊತ್ತು ಉಂಡು, ಮೂರನೆಯ ಹೊತ್ತಿಗೆ ಪ್ಯಾಂಟೊಪ್ರಜೋಲ್ ನುಂಗುವವರು ಗಮನಿಸಬೇಕು: ಆ ಮಾತ್ರೆ ಆಮ್ಲವನ್ನು ತಗ್ಗಿಸುತ್ತದೆಯೇ ಹೊರತು ಗಾಳಿಯನ್ನಲ್ಲ. ಹುಣ್ಣಿನದು ಬೇರೆಯೇ ಕಥೆ. ‘ಖಾರ ತಿಂದು, ಚಿಂತೆ ಮಾಡಿ ಅಲ್ಸರ್ ಬಂತು’ ಎಂಬ ನಂಬಿಕೆಯನ್ನು ಆಸ್ಟ್ರೇಲಿಯಾದ ವೈದ್ಯರಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅಲುಗಾಡಿಸಿದರು. ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಹುಣ್ಣಿಗೆ ದಾರಿಯಾಗುವ ಜಠರದ ಉರಿಯೂತ ತರುತ್ತದೆಂದು ತೋರಿಸಲು ಮಾರ್ಷಲ್ 1984ರಲ್ಲಿ ಅದನ್ನು ತಾವೇ ಕುಡಿದರು. ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು. ಹುಣ್ಣಿನ ಇನ್ನೊಂದು ಮುಖ್ಯ ಕಾರಣ ಡೈಕ್ಲೊಫಿನಾಕ್, ಆಸ್ಪಿರಿನ್ ಮುಂತಾದ ನೋವಿನ ಮಾತ್ರೆಗಳು. ಮಂಡಿನೋವಿಗೆ ಮೆಡಿಕಲ್ ಸ್ಟೋರಿನಿಂದ ಬಿಡಿಬಿಡಿಯಾಗಿ ತಂದು ನುಂಗುವ ಗುಳಿಗೆಯೂ ಹೆಚ್ಚಾಗಿ ಈ ಗುಂಪಿನದೇ. ನುಂಗಲು ಕಷ್ಟ, ಕಾರಣವಿಲ್ಲದೆ ಇಳಿಯುವ ತೂಕ, ಡಾಂಬರಿನಂಥ ಕಪ್ಪು ಮಲ, ರಕ್ತವಾಂತಿ ಇವುಗಳಲ್ಲಿ ಯಾವುದಿದ್ದರೂ ಗ್ಯಾಸ್ಟ್ರಿಕ್ ಎಂಬ ಮಾತನ್ನು ಬಾಯಿಗೇ ತರಬಾರದು. ಬಾಯಿಯಿಂದ ಕೊಳವೆ ಇಳಿಸಿ ಜಠರದ ಒಳಗನ್ನು ನೋಡುವ ಎಂಡೋಸ್ಕೊಪಿಯ ವಿಚಾರ ಆಗಬೇಕು.

ಹೃದಯದ ವಿಷಯದಲ್ಲಿ ಈ ಪದ ಮಾಡುವ ಹಾನಿ ಎಲ್ಲಕ್ಕಿಂತ ದೊಡ್ಡದು. ಹೃದಯದ ಕೆಳಭಾಗಕ್ಕೆ ಪೆಟ್ಟಾದಾಗ ನೋವು ಮೇಲ್ಹೊಟ್ಟೆಯ ಉರಿಯಾಗಿಯೂ ವಾಕರಿಕೆಯಾಗಿಯೂ ಕಾಣಬಹುದು. ಸಕ್ಕರೆ ಕಾಯಿಲೆಯವರಲ್ಲಿ, ಮಹಿಳೆಯರಲ್ಲಿ, ವಯಸ್ಸಾದವರಲ್ಲಿ ಎದೆನೋವೇ ಇಲ್ಲದೆ ಬೆವರು, ಏದುಸಿರು, ವಿಪರೀತ ಸುಸ್ತು ಮಾತ್ರ ಇರಬಹುದು. ಈನೋ ಕುಡಿದು ತೇಗು ಬಂದು ಹಗುರವೆನಿಸಿತು ಎಂಬುದು ಹೃದಯ ಚೆನ್ನಾಗಿದೆ ಎಂಬುದಕ್ಕೆ ಪುರಾವೆಯಲ್ಲ. ಮೊದಲ ಇಸಿಜಿ ಸರಿಯಾಗಿದ್ದರೂ ಅನುಮಾನವಿದ್ದರೆ ಮತ್ತೆ ತೆಗೆಯಬೇಕು, ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತಿಳಿಸುವ ಟ್ರೋಪೋನಿನ್ ರಕ್ತಪರೀಕ್ಷೆಯನ್ನೂ ಮಾಡಬೇಕು. ಕರ್ನಾಟಕದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡಿ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡಿಸುವ ಏರ್ಪಾಡಿದೆ. ಮನೆಯಲ್ಲಿ ಜೀರಿಗೆ ಕಷಾಯ ಕುದಿಯುತ್ತಿರುವಷ್ಟು ಹೊತ್ತೂ ಆ ಏರ್ಪಾಡು ನಿರುಪಯೋಗಿ.

ಕೊನೆಯದಾಗಿ ‘ಗ್ಯಾಸ್ಟ್ರಿಕ್ ಮಾತ್ರೆ’, ಅಂದರೆ ಪ್ಯಾಂಟೊಪ್ರಜೋಲಿನಂಥ ಆಮ್ಲ ತಗ್ಗಿಸುವ ಮಾತ್ರೆ. ಯಾವ ಚೀಟಿ ಬರೆದರೂ ತುದಿಯಲ್ಲಿ ಅದೊಂದು ಇರಲೇಬೇಕೆಂಬ ರೂಢಿ ರೋಗಿಗಳಲ್ಲೂ ವೈದ್ಯರಲ್ಲೂ ಇದೆ. ಆಸ್ಪಿರಿನ್ ಅಥವಾ ನೋವಿನ ಮಾತ್ರೆ ನಿತ್ಯ ನುಂಗುವ ವೃದ್ಧರಿಗೆ ಅದರಿಂದ ನಿಜವಾದ ರಕ್ಷಣೆಯಿದೆ. ಅಂಥವರು ತಾವಾಗಿ ನಿಲ್ಲಿಸಬಾರದು. ಎರಡು ದಿನದ ಜ್ವರಕ್ಕೆ ಕೊಟ್ಟ ಪ್ಯಾರಸಿಟಮಾಲ್ ಜೊತೆ ಅದಕ್ಕೇನು ಕೆಲಸ? ಪ್ಯಾಂಟೊಪ್ರಜೋಲ್ ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳುವ ಔಷಧ, ಸಾಮಾನ್ಯ ಎದೆಯುರಿಗೆ ನಾಲ್ಕರಿಂದ ಎಂಟು ವಾರ ಸಾಕು. ವರ್ಷಗಟ್ಟಲೆ ನುಂಗಿದರೆ ಬಿ12 ಜೀವಸತ್ವ ಕಡಿಮೆಯಾಗಬಹುದು. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್‌ ಕೂಡ ಬಿ12 ಅನ್ನು ತಗ್ಗಿಸುತ್ತದೆ. ಬಿ12 ಕೊರತೆಯಿಂದಲೂ ನರಗಳಿಗೆ ಪೆಟ್ಟಾಗುತ್ತದೆ. ಎರಡನ್ನೂ ಬಹುಕಾಲ ನುಂಗಿದವರ ಪಾದ ಜೋಮು ಹಿಡಿದರೆ ‘ಶುಗರ್ ನರಕ್ಕೆ ಬಂದಿದೆ’ ಎಂದು ತೀರ್ಮಾನಿಸುವ ಮೊದಲು ಬಿ12 ಮಟ್ಟವನ್ನು ನೋಡಬೇಕು. ಅದು ವೈದ್ಯರಿಗೆ ಹೊಳೆಯಬೇಕಾದರೆ ‘ಏನೇನು ಮಾತ್ರೆ ತಗೋತೀರಿ?’ ಎಂದಾಗ ಇದರ ಹೆಸರೂ ಬರಬೇಕು. ಶುಗರಿನದು, ಬಿಪಿಯದು ಎಂದು ಎಣಿಸುವವರು ಗ್ಯಾಸ್ಟ್ರಿಕ್ ಮಾತ್ರೆಯನ್ನು ಮಾತ್ರೆಯ ಲೆಕ್ಕಕ್ಕೇ ಸೇರಿಸುವುದಿಲ್ಲ.