ಬಿಟಿ ಬದನೆಯಿಂದ ಸೋಯಾ ಹಿಂಡಿಯವರೆಗೆ: ಮುಂಬಯಿಯ ಊಟದ ತಟ್ಟೆ ಮತ್ತು ಕುಲಾಂತರಿ ಆಹಾರ

ಮುಂಬಯಿಯ ಕನ್ನಡಿಗರ ನಡುವೆ ಕುಲಾಂತರಿ ಆಹಾರದ, ಎಂದರೆ ಬೇರೆ ಜೀವಿಯ ವಂಶವಾಹಿ ಸೇರಿಸಿದ ಬೆಳೆಗಳ ಆಹಾರದ ಚರ್ಚೆ ಎದ್ದಾಗ ಮಾತು ಬಹುಬೇಗ ಬದನೆಕಾಯಿಯ ಕಡೆ ಹೊರಳುತ್ತದೆ. ಅದಕ್ಕೆ ಕಾರಣವಿದೆ. ಜಾಲ್ನಾದ ಮಹಿಕೊ ಬೀಜ ಕಂಪನಿಯ ಜೊತೆಗೂಡಿ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವು ಹುಳುವನ್ನು ಕೊಲ್ಲುವ ಬಿಟಿ ವಂಶವಾಹಿ ಸೇರಿಸಲು ಆರಿಸಿಕೊಂಡ ತಳಿಗಳಲ್ಲಿ ಉಡುಪಿಯ ಗುಳ್ಳವೂ ಕುಡಚಿಯ ಬದನೆಯೂ ಪುಣೆ ಬಳಿಯ ಮಾಂಜರಿಯ ಹೆಸರು ಹೊತ್ತ ಮಾಂಜರಿ ಗೋಟಾ ತಳಿಯೂ ಇದ್ದವು. ಮಾಟುಂಗಾದ ಅಂಗಡಿಗಳಲ್ಲಿ ಗುಳ್ಳ ಹುಡುಕುವ ತುಳುನಾಡಿನ ಮನೆಗಳಿಗಾಗಲಿ, ಭರಲಿ ವಾಂಗಿ (ಮಸಾಲೆ ತುಂಬಿದ ಬದನೆ) ಮಾಡುವ ನೆರೆಯ ಮರಾಠಿ ಮನೆಗಳಿಗಾಗಲಿ ಇದು ಎಲ್ಲಿಯದೋ ಪ್ರಯೋಗಾಲಯದ ಸುದ್ದಿಯಾಗಿರಲಿಲ್ಲ.

ಆದರೆ ಜನಾಭಿಪ್ರಾಯ ರೂಪುಗೊಂಡದ್ದು ಬದನೆಗಿಂತ ಮೊದಲು, ಹತ್ತಿಯ ಹೊಲದಲ್ಲಿ. 1998ರ ಕೊನೆಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘವು ರಾಯಚೂರು, ಬಳ್ಳಾರಿ ಭಾಗದ ಪ್ರಾಯೋಗಿಕ ಬಿಟಿ ಹತ್ತಿಯ ಬೆಳೆಗೆ ಬೆಂಕಿಯಿಟ್ಟಿತು. ಅದೇ ವರ್ಷ ಅಮೆರಿಕದಲ್ಲಿ, ಮರುಬಿತ್ತನೆಗೆ ಮೊಳೆಯದ ಬೀಜವನ್ನು ರೂಪಿಸುವ ‘ಟರ್ಮಿನೇಟರ್’ ತಂತ್ರಕ್ಕೆ ಪೇಟೆಂಟ್ ದೊರೆತಿತ್ತು. ಹೊಲದಲ್ಲಿದ್ದ ಹತ್ತಿಯೂ ಅದೇ ಎಂಬ ನಂಬಿಕೆ ಬಹುಬೇಗ ಹರಡಿತು. ಆ ಹತ್ತಿಯಲ್ಲಿ ಅಂಥ ತಂತ್ರ ಇರಲಿಲ್ಲ. ರೈತರು ಪ್ರತಿವರ್ಷ ಬೀಜ ಕೊಳ್ಳಬೇಕಾಗಿ ಬಂದದ್ದು ಅದು ಹೈಬ್ರಿಡ್, ಎಂದರೆ ಮರುಬಿತ್ತಿದರೆ ಮೊದಲಿನ ಗುಣ ಉಳಿಯದ ಮಿಶ್ರತಳಿ ಆಗಿದ್ದರಿಂದ. ಹಾಗೆಂದು ಬೀಜದ ಒಡೆತನ ಕೈತಪ್ಪುವ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ವಂಶವಾಹಿಯ ವಿಚಾರದಲ್ಲಿ ತಪ್ಪು ತಿಳಿದಿದ್ದ ರೈತ ಮಾರುಕಟ್ಟೆಯ ವಿಚಾರವನ್ನು ಸರಿಯಾಗಿಯೇ ಗ್ರಹಿಸಿದ್ದ.

2002ರ ಮಾರ್ಚ್‌ನಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ವಿದರ್ಭ, ಮರಾಠವಾಡಗಳ ಹತ್ತಿಯ ಹೊಲಗಳನ್ನೆಲ್ಲ ಅದು ಆವರಿಸಿತು. ಆರಂಭದಲ್ಲಿ ಕಾಯಿಕೊರಕದ ಕಾಟ ತಗ್ಗಿದ್ದು ನಿಜ, ಮುಂದೆ ಗುಲಾಬಿ ಕಾಯಿಕೊರಕ ಬಿಟಿಯ ವಿಷಕ್ಕೆ ಒಗ್ಗಿಕೊಂಡದ್ದೂ ಅಷ್ಟೇ ನಿಜ. 2017ರಲ್ಲಿ ವಿದರ್ಭದ ಯವತ್ಮಾಳದ ಹತ್ತಿಯ ಹೊಲಗಳಲ್ಲಿ ಕೀಟನಾಶಕ ಸಿಂಪಡಿಸುತ್ತಿದ್ದವರು ವಿಷವೇರಿ ಸತ್ತ ಸುದ್ದಿ ಬಂದ ಮೇಲಂತೂ ಮುಂಬಯಿಯ ಓದುಗರಿಗೆ ಹತ್ತಿಯ ಕಥೆ ಬರೀ ಇಳುವರಿಯ ಲೆಕ್ಕವಾಗಿ ಉಳಿಯಲಿಲ್ಲ.

ಬದನೆಯ ಸರದಿ ಬಂದದ್ದು 2009ರ ಅಕ್ಟೋಬರ್‌ನಲ್ಲಿ. ಕೇಂದ್ರ ಸರ್ಕಾರದ ಜೆನೆಟಿಕ್ ಎಂಜಿನಿಯರಿಂಗ್ ಅನುಮೋದನಾ ಸಮಿತಿ ಒಪ್ಪಿಗೆ ನೀಡಿದರೂ ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಸಾರ್ವಜನಿಕ ಸಮಾಲೋಚನೆ ನಡೆಸಿದರು. ನಾಗ್ಪುರದಲ್ಲಿ, ಬೆಂಗಳೂರಿನಲ್ಲಿ ಸಭೆ ನಡೆಯಿತು. ತಾನು ತಿನ್ನುವ ತರಕಾರಿಗೆಲ್ಲ ಹೊರಗಿನ ಹೊಲಗಳನ್ನೇ ನಂಬಿರುವ ಮುಂಬಯಿಯಲ್ಲಿ ನಡೆಯಲಿಲ್ಲ. ಬೆಳೆಯುವವರನ್ನು ಕೇಳುವುದು ಅಗತ್ಯವೇ, ಆದರೆ ದಿನವೂ ವಾಶಿಯ ಎಪಿಎಂಸಿ ಸಗಟು ಮಾರುಕಟ್ಟೆಯಿಂದ ಲಾರಿಗಟ್ಟಲೆ ತರಕಾರಿ ಇಳಿಸಿಕೊಳ್ಳುವ ಮಹಾನಗರಕ್ಕೂ ಒಂದು ದಿನ ಮೀಸಲಿಡಬಹುದಿತ್ತು. 2010ರ ಫೆಬ್ರವರಿ 9ರಂದು ಸಚಿವರು ಬಿಟಿ ಬದನೆಗೆ ತಡೆ ಹೇರಿದರು. ಆ ತಡೆ ಇನ್ನೂ ತೆರವಾಗಿಲ್ಲ. ಸ್ಥಳೀಯ ತಳಿಗಳನ್ನು ಅನುಮತಿಯಿಲ್ಲದೆ ಬಳಸಲಾಯಿತೆಂಬ ದೂರಿನ ಮೇಲೆ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರವು 2011ರಲ್ಲಿ ಕಾನೂನು ಕ್ರಮಕ್ಕೆ ನಿರ್ಧರಿಸಿತು. ಅದೇ ವರ್ಷ ಉಡುಪಿ ಬಳಿಯ ಮಟ್ಟು ಊರಿನ ಮಟ್ಟುಗುಳ್ಳಕ್ಕೆ, ಆ ನೆಲದ್ದೇ ಬೆಳೆಯೆಂದು ಗುರುತಿಸುವ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು.

ಹುಳುವನ್ನು ಕೊಲ್ಲುವುದು ನಮ್ಮನ್ನು ಕೊಲ್ಲದೇ ಎಂಬುದು ಆಗ ಹೆಚ್ಚಾಗಿ ಕೇಳಿಬಂದ ಪ್ರಶ್ನೆ, ಈಗಲೂ ಕೇಳಿಬರುವ ಪ್ರಶ್ನೆ. ಬಿಟಿ ಎಂಬುದು ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ; ಅದನ್ನೇ ಸಾವಯವ ಕೃಷಿಕರೂ ಸಿಂಪಡಿಸುತ್ತಾರೆ. ಅದರ ಪ್ರೋಟೀನು ಕ್ಷಾರೀಯವಾಗಿರುವ ಕಂಬಳಿಹುಳುವಿನ ಕರುಳಿನಲ್ಲಿ ಕರಗಿ, ಅಲ್ಲಿನ ನಿರ್ದಿಷ್ಟ ಗ್ರಾಹಕಗಳಿಗೆ ಅಂಟಿಕೊಂಡು ಕರುಳನ್ನು ತೂತುಮಾಡುತ್ತದೆ. ಮನುಷ್ಯರ ಜಠರ ಆಮ್ಲೀಯವಾದದ್ದು. ಅಂಥ ಗ್ರಾಹಕಗಳೂ ನಮ್ಮಲ್ಲಿಲ್ಲ. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2016ರಲ್ಲಿ ಪ್ರಕಟಿಸಿದ ದೊಡ್ಡ ವರದಿಯು, ಬಳಕೆಯಲ್ಲಿರುವ ಕುಲಾಂತರಿ ಬೆಳೆಗಳಿಂದ ತಯಾರಾದ ಆಹಾರವು ಸಾಮಾನ್ಯ ಆಹಾರಕ್ಕಿಂತ ಹೆಚ್ಚು ಅಪಾಯಕಾರಿ ಎಂಬುದಕ್ಕೆ ಪುರಾವೆ ಕಾಣಲಿಲ್ಲವೆಂದಿತು. ಇಷ್ಟನ್ನು ಸಮಾಧಾನದಿಂದ ವಿವರಿಸುವವರು ಆಗ ಕಡಿಮೆಯಿದ್ದರು. ಕಂಪನಿಯದೇ ಪರೀಕ್ಷೆ, ಕಂಪನಿಯದೇ ದತ್ತಾಂಶ ಎಂಬ ಆಕ್ಷೇಪಕ್ಕೆ ಸಮರ್ಪಕ ಉತ್ತರವೂ ಇರಲಿಲ್ಲ.

ಈ ಗದ್ದಲದ ನಡುವೆ ತಟ್ಟೆಗೆ ಬರುತ್ತಿದ್ದ ಇತರ ಪದಾರ್ಥಗಳ ಕಡೆ ಹೆಚ್ಚಿನವರ ಗಮನ ಹೋಗಲಿಲ್ಲ. ಬಿಟಿ ಹತ್ತಿಯ ಬೀಜದಿಂದ ತೆಗೆದ ಎಣ್ಣೆ ಕರಿದ ತಿಂಡಿಗಳಲ್ಲಿದೆ, ಹಿಂಡಿ ದನಗಳ ಮೇವಿನಲ್ಲಿದೆ. ಅರ್ಜೆಂಟೀನ, ಬ್ರೆಜಿಲ್‌ಗಳಿಂದ ಬರುವ ಸೋಯಾ ಎಣ್ಣೆಯ ಬಹುಪಾಲು ಕುಲಾಂತರಿ ಸೋಯಾದ್ದು. ಶುದ್ಧೀಕರಿಸಿದ ಎಣ್ಣೆಯಲ್ಲಿ ಪ್ರೋಟೀನು ಬಹುತೇಕ ಉಳಿಯುವುದಿಲ್ಲವಾದ್ದರಿಂದ ಇದರಲ್ಲಿ ಗಾಬರಿಯಾಗುವಂಥದ್ದೇನೂ ಇಲ್ಲ, ಆದರೆ ಕೊಳ್ಳುವವರಿಗೆ ತಿಳಿಸದೆ ಇರುವುದಕ್ಕೆ ಅದು ಸಮರ್ಥನೆಯಾಗದು. 2021ರ ಆಗಸ್ಟ್‌ನಲ್ಲಿ ಕೋಳಿಯ ಆಹಾರದ ಬೆಲೆ ಏರಿದಾಗ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯ ಆಮದಿಗೆ ಕೇಂದ್ರವು ಅನುಮತಿ ನೀಡಿತು. ಅದನ್ನು ಇಳಿಸಿಕೊಳ್ಳಲು ಮೊದಲು ಗೊತ್ತುಮಾಡಿದ ಸ್ಥಳಗಳಲ್ಲಿ ಮುಂಬಯಿಯ ಮಗ್ಗುಲಿನ ನ್ಹಾವಾ ಶೇವಾ ಬಂದರು ಒಂದು. ಹೊಸ ಫಸಲಿನ ಹೊಸ್ತಿಲಲ್ಲಿದ್ದ ಮಹಾರಾಷ್ಟ್ರದ ಸೋಯಾ ಬೆಳೆಗಾರರು ಬೆಲೆ ಕುಸಿಯುವ ಭಯದಿಂದ ವಿರೋಧಿಸಿದರು. ಆ ಹಿಂಡಿಯಿಂದ ಬೆಳೆದ ಕೋಳಿಯನ್ನು ತಿಂದ ನಗರದಲ್ಲಿ ಬದನೆಯ ಕಾಲದ ಚರ್ಚೆಯ ಹತ್ತರಲ್ಲೊಂದು ಪಾಲೂ ಕೇಳಿಸಲಿಲ್ಲ.

ಕಾನೂನು ಇಲ್ಲವೆಂದಲ್ಲ. ಕುಲಾಂತರಿ ಅಂಶವಿರುವ ಪೊಟ್ಟಣದ ಮೇಲೆ ‘ಜಿಎಂ’ ಎಂದು ಮುದ್ರಿಸಬೇಕೆಂಬ ನಿಯಮ 2013ರ ಜನವರಿ 1ರಿಂದಲೇ ಇದೆ. ಹೀಗಿದ್ದೂ 2018ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಮಾರುಕಟ್ಟೆಯ 65 ಆಹಾರ ಪದಾರ್ಥಗಳನ್ನು ಪರೀಕ್ಷಿಸಿದಾಗ ಶೇ. 32ರಷ್ಟರಲ್ಲಿ ಕುಲಾಂತರಿ ಅಂಶ ಕಂಡುಬಂತು; ಅವುಗಳಲ್ಲಿ ಹೆಚ್ಚಿನವುಗಳ ಪೊಟ್ಟಣದ ಮೇಲೆ ಅದರ ಸುಳಿವಿರಲಿಲ್ಲ. ನನ್ನ ದೃಷ್ಟಿಯಲ್ಲಿ ಜನರ ಅಪನಂಬಿಕೆಗೆ ವಿಜ್ಞಾನದ ಅರಿವಿನ ಕೊರತೆಗಿಂತ ಈ ಮೌನವೇ ದೊಡ್ಡ ಕಾರಣ.

ರೈತರ ಅಭಿಪ್ರಾಯವೂ ಒಂದೇ ಆಗಿಲ್ಲ. ಶರದ್ ಜೋಶಿ ಕಟ್ಟಿದ ಶೇತ್ಕರಿ ಸಂಘಟನೆಯ ಕಾರ್ಯಕರ್ತರು 2019ರ ಜೂನ್‌ನಲ್ಲಿ ಅಕೋಲಾ ಜಿಲ್ಲೆಯಲ್ಲಿ ಅನುಮತಿಯಿಲ್ಲದ ಕುಲಾಂತರಿ ಹತ್ತಿಯನ್ನು ಬಹಿರಂಗವಾಗಿಯೇ ಬಿತ್ತಿ, ತಂತ್ರಜ್ಞಾನವನ್ನು ಆರಿಸಿಕೊಳ್ಳುವುದು ತಮ್ಮ ಹಕ್ಕೆಂದು ಸಾರಿದರು. ನ್ಯಾಯಪೀಠದಲ್ಲೂ ಒಮ್ಮತವಿಲ್ಲ: ಕುಲಾಂತರಿ ಸಾಸಿವೆಗೆ ಕೇಂದ್ರ ನೀಡಿದ ಅನುಮತಿಯ ವಿಚಾರದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು 2024ರ ಜುಲೈನಲ್ಲಿ ಭಿನ್ನ ತೀರ್ಪು ನೀಡಿದರು, ರಾಷ್ಟ್ರೀಯ ನೀತಿಯೊಂದು ಬೇಕೆಂಬುದರಲ್ಲಿ ಮಾತ್ರ ಇಬ್ಬರೂ ಒಂದಾದರು. 2025ರ ಮೇ ತಿಂಗಳಿನಲ್ಲಿ ವಂಶವಾಹಿ ತಿದ್ದಿದ ಎರಡು ಭತ್ತದ ತಳಿಗಳನ್ನು ಕೇಂದ್ರವು ಪ್ರಕಟಿಸಿತು. ಹೊರಗಿನ ವಂಶವಾಹಿಯನ್ನು ಉಳಿಸಿಕೊಳ್ಳದ ಇಂಥ ಬೆಳೆಗಳಿಗೆ 2022ರಲ್ಲೇ ಬಿಗಿ ನಿಯಮಗಳಿಂದ ವಿನಾಯಿತಿ ಸಿಕ್ಕಿದೆ. ಆ ಅಕ್ಕಿ ಮುಂಬಯಿಯ ಅಂಗಡಿಗೆ ಬರುವ ಮುನ್ನ ಅದರ ಚೀಲದ ಮೇಲೆ ಏನು ಬರೆದಿರಬೇಕೆಂಬುದನ್ನು ಈ ಬಾರಿಯಾದರೂ ತಿನ್ನುವವರ ಮುಂದೆಯೇ ಚರ್ಚಿಸಿ ತೀರ್ಮಾನಿಸಬೇಕು.